ನೊಬಿತಾನನ್ನು ಪಾಸು ಮಾಡಿಸುವ ಸಂಚು

ನೊಬಿತಾ ಎಂಬ ಹುಡುಗ ಐವತ್ತು ವರ್ಷ ಮೀರಿದರೂ ಪ್ರೈಮರಿ ಶಾಲೆ ದಾಟಿಲ್ಲ. 1969ರ ಡಿಸೆಂಬರಿನಲ್ಲಿ ಜಪಾನಿನ ಮಕ್ಕಳ ಮಾಸಪತ್ರಿಕೆಗಳಲ್ಲಿ ಅವನ ಚಿತ್ರಕಥೆ ಮೊದಲ ಸಲ ಅಚ್ಚಾದಾಗ ಅವನ ಓರಗೆಯವರಾಗಿದ್ದ ಓದುಗರು ಈಗ ಪಿಂಚಣಿ ಎಣಿಸುತ್ತಿದ್ದಾರೆ. ಅವನು ಮಾತ್ರ ಇವತ್ತಿಗೂ ಸೊನ್ನೆ ಬಿದ್ದ ಉತ್ತರಪತ್ರಿಕೆಯನ್ನು ಅಮ್ಮನ ಕಣ್ಣಿಗೆ ಬೀಳದಂತೆ ಎಲ್ಲಿ ಬಚ್ಚಿಡಲಿ ಎಂದು ಜಾಗ ಹುಡುಕುತ್ತಿದ್ದಾನೆ. ಇದರಿಂದ ಯಾರಿಗೂ ನಷ್ಟವಾಗಿಲ್ಲ. ಪ್ರಕಾಶಕರು ಉದ್ಧಾರವಾದರು, ಟಿವಿಯವರು ಉದ್ಧಾರವಾದರು, ಆಟಿಕೆ ಮಾರುವವರು ಉದ್ಧಾರವಾದರು. 2008ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯವು ಅವನ ಮನೆಯ ನೀಲಿ ಬೆಕ್ಕು ಡೊರೇಮಾನ್‌ನನ್ನು ‘ಅನಿಮೆ ರಾಯಭಾರಿ’ ಎಂದು ನೇಮಿಸಿ ಕೈ ಕುಲುಕಿತು. ಇಷ್ಟೆಲ್ಲ ಆದರೂ ಒಂದು ವರ್ಗದವರಿಗೆ ಮಾತ್ರ ಸಮಾಧಾನವಿಲ್ಲ. ಅವರೇ ಅಭಿಮಾನಿಗಳು.

ಡೊರೇಮಾನ್‌ನನ್ನು ಪ್ರೀತಿಸುವವರೆಲ್ಲ ಒಂದಲ್ಲ ಒಂದು ದಿನ ಅವನಿಗೊಂದು ಹೊಸ ಕಂತು ಬರೆಯುತ್ತಾರೆ. ಕಾಗದದ ಮೇಲಲ್ಲದಿದ್ದರೆ ತಲೆಯೊಳಗೆ, ತಲೆಯೊಳಗಲ್ಲದಿದ್ದರೆ ಊಟದ ಮೇಜಿನ ಮುಂದೆ. ಟೋಕಿಯೊದಲ್ಲಿ ಬರೆದರೂ ಅಷ್ಟೇ, ತುಮಕೂರಿನಲ್ಲಿ ಬರೆದರೂ ಅಷ್ಟೇ, ಕಥೆಯ ಸಾರಾಂಶ ಬದಲಾಗುವುದಿಲ್ಲ: ಹುಡುಗ ಇನ್ನು ಸಾಕು ಮಾಡಿ ಓದಲು ಕೂರಬೇಕು.

ಇದಕ್ಕೆ ಅವರನ್ನು ಮಾತ್ರ ದೂರಿ ಫಲವಿಲ್ಲ. ಮೂಲ ಕಥೆಯೇ ಇಂಥದೊಂದು ತಿದ್ದುಪಡಿಯಿಂದ ಶುರುವಾಗುತ್ತದೆ. ನೊಬಿತಾ ಮುಂದೆ ಕಾಲೇಜಿಗೂ ಸಲ್ಲದೆ, ಕೆಲಸಕ್ಕೂ ಸಲ್ಲದೆ, ಸ್ವಂತ ಕಂಪನಿ ತೆರೆಯುತ್ತಾನೆ. ಪಟಾಕಿ ಹೊಡೆಯಲು ಹೋಗಿ ಆಫೀಸಿಗೆ ಬೆಂಕಿ ಹಾಕಿಸಿಕೊಳ್ಳುತ್ತಾನೆ. ಅದರಿಂದಾದ ಸಾಲ ಎಷ್ಟೆಂದರೆ ಇಪ್ಪತ್ತೆರಡನೇ ಶತಮಾನದಲ್ಲಿ ಅವನ ಮೊಮ್ಮಗನ ಮೊಮ್ಮಗ ಸೆವಾಶಿಗೆ ಹೊಸ ವರ್ಷದ ಕೈಗಾಸು ಬರೀ ಐವತ್ತು ಯೆನ್. ಹೊಟ್ಟೆ ಉರಿದ ಸೆವಾಶಿ ಪೂರ್ವಜನನ್ನು ರಿಪೇರಿ ಮಾಡಲು ಡೊರೇಮಾನ್ ಎಂಬ ರೋಬಾಟನ್ನು ಕಾಲಯಂತ್ರದಲ್ಲಿ ಕೂರಿಸಿ ಹಿಂದಕ್ಕೆ ಕಳಿಸುತ್ತಾನೆ. ಅದು ಬಂದಿಳಿಯುವುದು ನೊಬಿತಾನ ಓದುವ ಮೇಜಿನ ಡ್ರಾಯರಿನಿಂದ. ಆ ಹುಡುಗನ ವಿದ್ಯಾಭ್ಯಾಸದ ಇತಿಹಾಸದಲ್ಲಿ ಆ ಮೇಜು ಕೆಲಸಕ್ಕೆ ಬಂದ ಮುಖ್ಯ ಸಂದರ್ಭ ಅದೇ.

ಹಾಗೆ ನೋಡಿದರೆ ಜಗತ್ತಿನ ಎಲ್ಲ ಡೊರೇಮಾನ್ ಅಭಿಮಾನಿಗಳ ಮೂಲಪುರುಷ ಈ ಸೆವಾಶಿ. ‘ಕಥೆ ಹೀಗಿದ್ದರೆ ನಡೆಯದು, ನಾನು ಬದಲಾಯಿಸುತ್ತೇನೆ’ ಎಂದು ಮೊದಲು ಎದ್ದು ನಿಂತವನು ಅವನು. ಕಥೆಗಾರ ಹಿರೋಶಿ ಫುಜಿಮೊಟೊ, ಅಂದರೆ ಫುಜಿಕೊ ಎಫ್. ಫುಜಿಯೊ, ಆ ಆಸೆಯನ್ನು ಬಹಳ ನಾಜೂಕಾಗಿ ಕೆಡಿಸಿದರು. ಬಡಮನೆಯ ಸೆವಾಶಿಗೆ ಸಿಕ್ಕಿದ್ದು ದುಬಾರಿ ರೋಬಾಟಲ್ಲ, ಕಾರ್ಖಾನೆಯಲ್ಲೇ ಐಬಾದ ಅಗ್ಗದ ಮಾಲು. 2112ರ ಸೆಪ್ಟೆಂಬರ್ 3ರಂದು ತಯಾರಾಗುವ ಈ ಬೆಕ್ಕಿಗೆ ಕಿವಿಯಿಲ್ಲ, ಅದನ್ನು ಇಲಿ ಕಡಿದಿದೆ. ಎತ್ತರ 129.3 ಸೆಂಟಿಮೀಟರ್, ತೂಕ 129.3 ಕಿಲೋ. ಇಲಿ ಕಂಡರೆ ಮೈಮೇಲೆ ಪ್ರಜ್ಞೆಯಿಲ್ಲ, ಡೊರಾಯಾಕಿ ಎಂಬ ಸಿಹಿ ಕಂಡರೆ ಕರ್ತವ್ಯದ ನೆನಪಿಲ್ಲ. ದಡ್ಡನನ್ನು ತಿದ್ದಲು ಬಂದವನು ದಡ್ಡನ ಕೋಣೆಯ ಕಪಾಟಿನಲ್ಲಿ ಹಾಸಿಗೆ ಹಾಸಿಕೊಂಡು ಅಲ್ಲೇ ಠಿಕಾಣಿ ಹೂಡಿದ. ಅಲ್ಲಿಂದಾಚೆಗೆ ಫುಜಿಮೊಟೊ ಸಾವಿರದ ಮುನ್ನೂರಕ್ಕೂ ಹೆಚ್ಚು ಸಣ್ಣಕಥೆ ಬರೆದರು. ಬಹುಪಾಲು ಕಥೆಯ ಹಾದಿ ಒಂದೇ: ನೊಬಿತಾ ಅಳುತ್ತಾನೆ, ಡೊರೇಮಾನ್ ಜೇಬಿಗೆ ಕೈ ಹಾಕಿ ಒಂದು ಉಪಕರಣ ತೆಗೆಯುತ್ತಾನೆ, ನೊಬಿತಾ ಅತಿ ಮಾಡುತ್ತಾನೆ, ಪೆಟ್ಟು ತಿನ್ನುತ್ತಾನೆ. ಮುಂದಿನ ತಿಂಗಳು ಯಾವ ಪಾಠವನ್ನೂ ಕಲಿಯದೆ ಮತ್ತೆ ಅಳುತ್ತಾನೆ.

ಈ ‘ಯಾವ ಪಾಠವನ್ನೂ ಕಲಿಯದೆ’ ಎನ್ನುವುದೇ ಅಭಿಮಾನಿಗಳ ಗಂಟಲಲ್ಲಿ ಸಿಕ್ಕಿಬಿದ್ದಿರುವ ಮುಳ್ಳು. ಅದನ್ನು ತೆಗೆಯಲು ಅವರು ಕಟ್ಟಿರುವ ಪಂಗಡಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಇಂಜಿನಿಯರ್ ಪಂಗಡ. 1990ರ ದಶಕದ ಕೊನೆಗೆ ಜಪಾನಿನ ಅಭಿಮಾನಿಯೊಬ್ಬ ಡೊರೇಮಾನ್‌ಗೆ ‘ಕೊನೆಯ ಕಂತು’ ಬರೆದ. ಒಂದು ದಿನ ಡೊರೇಮಾನ್‌ನ ಬ್ಯಾಟರಿ ಮುಗಿಯುತ್ತದೆ. ಹೊಸದು ಹಾಕಿದರೆ ನೊಬಿತಾನ ನೆನಪೆಲ್ಲ ಅಳಿಸಿಹೋಗುತ್ತದೆ, ಏಕೆಂದರೆ ನೆನಪಿನ ನಕಲು ಇರಬೇಕಾದ ಕಿವಿಯೇ ಇಲ್ಲ. ಆಗ ನೊಬಿತಾ ಕಣ್ಣೊರೆಸಿಕೊಂಡು ಓದಲು ಕೂರುತ್ತಾನೆ. ಓದಿ ಓದಿ ಜಗತ್ತೇ ಮೆಚ್ಚುವ ರೋಬಾಟ್ ತಂತ್ರಜ್ಞನಾಗಿ ತನ್ನ ಗೆಳೆಯನನ್ನು ತಾನೇ ಎಬ್ಬಿಸುತ್ತಾನೆ. ಈ ಕಥೆ ಬಾಯಿಂದ ಬಾಯಿಗೆ ಹಬ್ಬಿ ಏಷ್ಯಾದ ಎಷ್ಟೋ ದೇಶಗಳಲ್ಲಿ ಜನ ಇದನ್ನೇ ನಿಜವಾದ ಅಂತ್ಯವೆಂದು ನಂಬಿ ಅತ್ತರು. ಅಳದೆ ಏನು ಮಾಡುತ್ತಾರೆ? ಸೊನ್ನೆ ತೆಗೆಯುತ್ತಿದ್ದ ಹುಡುಗ ಇಂಜಿನಿಯರ್ ಆಗುವುದಕ್ಕಿಂತ ಮಿಗಿಲಾದ ಮೋಕ್ಷ ಈ ಖಂಡದಲ್ಲಿ ಯಾವ ಧರ್ಮದಲ್ಲೂ ಇಲ್ಲ.

2005ರಲ್ಲಿ ಇನ್ನೊಬ್ಬ ಅಭಿಮಾನಿ ಇದೇ ಕಥೆಯನ್ನು ಫುಜಿಮೊಟೊ ಶೈಲಿಯಲ್ಲಿ ಚಿತ್ರ ಬರೆದು ಪುಸ್ತಕ ಮಾಡಿದ. ಗೆರೆಯೂ ಹಾಗೇ, ರಕ್ಷಾಪುಟವೂ ಹಾಗೇ. ಹತ್ತು ಸಾವಿರಕ್ಕೂ ಮೇಲೆ ಪ್ರತಿಗಳು ಖರ್ಚಾದವು. ಇದು ಮೂಲ ಲೇಖಕರದೇ ಎಂದು ನಂಬಿದವರೂ ಇದ್ದರು. ಆಗ ಪ್ರಕಾಶಕರಾದ ಶೋಗಾಕುಕಾನ್‌ನವರು ಕಣ್ಣುಬಿಟ್ಟರು. 2007ರಲ್ಲಿ ಆ ಅಭಿಮಾನಿ ಕ್ಷಮೆ ಕೇಳಿ, ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲನ್ನು ಕಟ್ಟಿದ. ನೊಬಿತಾನನ್ನು ಪಾಸು ಮಾಡಿಸಲು ಹೋಗಿ ಅವನೇ ದಂಡ ತೆತ್ತ. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ನನ್ನ ತಕರಾರು ಬೇರೆ. ಕಂತು ಬರೆಯಿರಿ ಎಂದರೆ ಅಭಿಮಾನಿ ಅಂತ್ಯ ಬರೆಯುವುದೇಕೆ? ಇದೇನು ಪ್ರೀತಿಯೋ, ತಿಥಿಗೆ ಮುಹೂರ್ತ ಹುಡುಕುವ ಅವಸರವೋ?

ಎರಡನೆಯದು ಕೋಮಾ ಪಂಗಡ. ಇವರ ಪ್ರಕಾರ ಡೊರೇಮಾನ್ ಇಲ್ಲವೇ ಇಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ ಹುಡುಗನ ಕನಸು ಇದೆಲ್ಲ. ಈ ಪುಕಾರು ಜಪಾನಿನಲ್ಲಿ ಹುಟ್ಟಿದ್ದು, ಈಗ ಬೆಂಗಳೂರಿನ ಕಾಲೇಜು ಕ್ಯಾಂಟೀನುಗಳಲ್ಲೂ ಸಿಗುತ್ತದೆ. ಹೇಳುವವನು ಧ್ವನಿ ತಗ್ಗಿಸಿ ‘ಗೊತ್ತಾ ಮಗಾ?’ ಎಂದೇ ಶುರು ಮಾಡುತ್ತಾನೆ. ಬಾಲ್ಯದಲ್ಲಿ ಇಷ್ಟಪಟ್ಟದ್ದನ್ನು ಇನ್ನೂ ಇಷ್ಟಪಡುತ್ತೇನೆ ಎನ್ನಲು ಇವರಿಗೆ ನಾಚಿಕೆ. ಅದಕ್ಕೆ ಒಂದು ಹೆಣ ಸೇರಿಸಿಕೊಂಡರೆ ಗಂಭೀರ ಸಾಹಿತ್ಯವಾಗುತ್ತದೆ ಎಂಬ ನಂಬಿಕೆ.

ಮೂರನೆಯದು ನ್ಯಾಯ ಪಂಗಡ. ನೊಬಿತಾನನ್ನು ಹೊಡೆಯುವ ಪುಂಡ ಜಿಯಾನ್‌ನನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು, ಸಿರಿವಂತ ಗೆಳೆಯ ಸುನಿಯೋನ ಅಪ್ಪನ ಆಸ್ತಿಯ ಮೂಲ ತನಿಖೆಯಾಗಬೇಕು, ನೊಬಿತಾನ ಅಮ್ಮನಿಗೆ ಕೌನ್ಸೆಲಿಂಗ್ ಬೇಕು. ಇವರಲ್ಲಿ ಒಂದು ಬೇಡಿಕೆಗೆ ಮಾತ್ರ ನನ್ನ ಬೆಂಬಲವಿದೆ: ಶಿಝುಕಾಳಿಗೆ ಇನ್ನಷ್ಟು ಕಥೆ ಬೇಕು. ನಾಲ್ಕು ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನಿಟ್ಟು ಅವಳನ್ನು ಪದೇ ಪದೇ ಸ್ನಾನದ ಮನೆಗೆ ಕಳಿಸಿದ್ದು ಕಥೆಗಾರರಿಗೆ ಶೋಭೆ ತರುವಂಥದಲ್ಲ. ಆದರೆ ಇವರು ಅವಳಿಗೆ ಕೊಡುವ ಹೊಸ ಕಂತು ನೋಡಿ: ಶಿಝುಕಾ ವಿಜ್ಞಾನಿ, ಶಿಝುಕಾ ಗಗನಯಾತ್ರಿ, ಶಿಝುಕಾ ಸಿಇಒ. ಮೂಲದಲ್ಲಿ ಅವಳ ಪಿಟೀಲಿಗೆ ಊರಿಗೆ ಊರೇ ಕಿವಿ ಮುಚ್ಚಿಕೊಳ್ಳುತ್ತದೆ. ಸುಟ್ಟ ಗೆಣಸಿನ ಮೇಲೆ ಅವಳಿಗೆ ಪ್ರಾಣ, ಅದು ಯಾರಿಗಾದರೂ ಗೊತ್ತಾದೀತೆಂದು ಜೀವಭಯ. ಆ ಗೆಣಸಿನಲ್ಲಿ ಹತ್ತು ಕಂತಿಗೆ ಆಗುವಷ್ಟು ಸರಕಿದೆ. ಅದನ್ನು ಕಿತ್ತುಕೊಂಡು ಅವಳ ಕೈಗೆ ಪದಕ ಕೊಡುತ್ತಾರೆ.

ನಾಲ್ಕನೆಯದು ಬೀಗತನ ಪಂಗಡ. ಡೊರೇಮಾನ್ ಧೋಲಕ್‌ಪುರಕ್ಕೆ ಬರಬೇಕು, ಛೋಟಾ ಭೀಮ್‌ನ ಜೊತೆ ಸೇರಿ ಖಳನನ್ನು ಹೊಡೆಯಬೇಕು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ ರಾಜೀವ್ ಚಿಲಕಾ ಹುಟ್ಟಿಸಿದ, 2008ರಿಂದ ಪೋಗೊ ಚಾನೆಲ್ಲಿನಲ್ಲಿ ಲಾಡು ತಿನ್ನುತ್ತಿರುವ ಭೀಮನಿಗೂ ಡೊರಾಯಾಕಿ ತಿನ್ನುವ ಬೆಕ್ಕಿಗೂ ಇರುವ ಸಂಬಂಧ ಸಿಹಿ ಒಂದೇ. ಒಂದು ಲಾಡು ತಿಂದು ಎಲ್ಲವನ್ನೂ ಗೆಲ್ಲುವವನ ಊರಿಗೆ ಎಲ್ಲ ಇದ್ದೂ ಸೋಲುವವನನ್ನು ಕರೆತಂದರೆ ಹನ್ನೊಂದು ನಿಮಿಷದ ಕಂತು ಎರಡನೇ ನಿಮಿಷಕ್ಕೇ ಮುಗಿಯುತ್ತದೆ.

ಇಷ್ಟು ಬರೆದ ಮೇಲೆ ನನಗೆ ಈ ವಿಷಯದಲ್ಲಿ ಅಧಿಕಾರ ಎಲ್ಲಿಂದ ಬಂತೆಂದೂ ಹೇಳಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ದಿನಾಚರಣೆಗೆ ‘ಡೊರೇಮಾನ್‌ಗೆ ಹೊಸ ಕಂತು ಬರೆಯಿರಿ’ ಎಂಬ ಸ್ಪರ್ಧೆ ಇಟ್ಟು, ಪೇಪರಿಗೆ ಬರೆಯುವವನು ಎಂಬ ಕಾರಣಕ್ಕೆ ನನ್ನನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದರು. ಹಾಳೆಗಳ ಮೇಲೆ ಅಕ್ಷರ ಮಕ್ಕಳದು, ಆತಂಕ ಅಪ್ಪಂದಿರದು. ಒಂದು ಕಂತಿನಲ್ಲಿ ಡೊರೇಮಾನ್ ಜೇಬಿನಿಂದ ಮಾಕ್ ಟೆಸ್ಟ್ ತೆಗೆದು ಕೊಟ್ಟು ನೊಬಿತಾಗೆ ಸಿಇಟಿಯಲ್ಲಿ ರ‍್ಯಾಂಕ್ ಬರಿಸುತ್ತಾನೆ. ಇನ್ನೊಂದರಲ್ಲಿ ಜಿಯಾನ್ ಕೋಡಿಂಗ್ ಕಲಿತು ಸಾತ್ವಿಕನಾಗುತ್ತಾನೆ. ಮತ್ತೊಂದರಲ್ಲಿ ಡೊರೇಮಾನ್ ಸ್ವತಃ ಒಂದು ಬೋರ್ಡು ಎತ್ತಿ ಹಿಡಿಯುತ್ತಾನೆ: ‘ಟಿವಿ ದಿನಕ್ಕೆ ಅರ್ಧ ಗಂಟೆ ಮಾತ್ರ.’ ತಾನೇ ತನ್ನ ಹೊಟ್ಟೆಯ ಮೇಲೆ ಹೊಡೆದುಕೊಳ್ಳುವ ನಾಯಕನನ್ನು ನಾನು ಬೇರಾವ ಮಕ್ಕಳ ಕಥೆಯಲ್ಲೂ ಕಂಡಿಲ್ಲ.

ಎಲ್ಲದರ ಅಡಿಯಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಹಾಳೆ ಇತ್ತು. ಅದರಲ್ಲಿದ್ದದ್ದು ಇಷ್ಟೇ: ‘ನೊಬಿತಾನ ಹೋಂವರ್ಕನ್ನು ಡೊರೇಮಾನ್ ತಿಂದುಬಿಟ್ಟ. ಆಮೇಲೆ ಟೀಚರ್‌ಗೂ ಸ್ವಲ್ಪ ಕೊಟ್ಟ. ಟೀಚರ್‌ಗೆ ಇನ್ನೂ ಬೇಕು ಅನ್ನಿಸಿತು.’ ಕೆಳಗೆ ಉಬ್ಬಿದ ಕೆನ್ನೆಯ ಟೀಚರ್ ಚಿತ್ರ, ಬಾಯಿಯ ಮೂಲೆಯಲ್ಲಿ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಚೂರು.

ಫುಜಿಮೊಟೊ ಕಥೆಗಳನ್ನು ಬಲ್ಲವರಿಗೆ ಇಲ್ಲಿ ‘ನೆನಪಿನ ಬ್ರೆಡ್’ ಎಂಬ ಉಪಕರಣ ನೆನಪಾಗಲೇಬೇಕು. ಪಠ್ಯಪುಸ್ತಕದ ಪುಟಕ್ಕೆ ಬ್ರೆಡ್ ಒತ್ತಿ ತಿಂದರೆ ಪುಟವೆಲ್ಲ ಬಾಯಿಪಾಠ. ನೊಬಿತಾ ಪರೀಕ್ಷೆಯ ಹಿಂದಿನ ದಿನ ಗಬಗಬ ತಿನ್ನುತ್ತಾನೆ, ಹೊಟ್ಟೆ ಕೆಡುತ್ತದೆ, ಓದಿದ್ದೆಲ್ಲ ಪಾಯಿಖಾನೆಯ ಪಾಲಾಗುತ್ತದೆ. ನಮ್ಮ ಪರೀಕ್ಷಾ ಪದ್ಧತಿಯ ಬಗ್ಗೆ ಆಯೋಗಗಳು ಕೊಟ್ಟ ಯಾವ ವರದಿಯೂ ಇದಕ್ಕಿಂತ ನಿಖರವಾಗಿಲ್ಲ. ಆ ಕಥೆಯನ್ನು ನೋಡಿದ್ದಾಳೋ ಇಲ್ಲವೋ, ಹುಡುಗಿ ಅದರ ಪಕ್ಕದ ಮನೆಯಲ್ಲೇ ನಿಂತಿದ್ದಳು. ನಾನು ಮೊದಲ ಬಹುಮಾನ ಅವಳಿಗೆ ಎಂದೆ. ಸಂಘದ ಕಾರ್ಯದರ್ಶಿ ಪಕ್ಕಕ್ಕೆ ಕರೆದರು.

“ಸರ್, ಇದ್ರಲ್ಲಿ ಮೆಸೇಜ್ ಏನಿದೆ?”

“ಟೀಚರ್‌ಗೂ ಹಸಿವಾಗುತ್ತೆ ಅಂತ ಇದೆಯಲ್ಲ ಸ್ವಾಮಿ.”

“ಅದಲ್ಲ ಸರ್. ಮಕ್ಕಳು ಇದನ್ನ ಓದಿ ಮನೆಗೆ ಏನು ತಗೊಂಡು ಹೋಗ್ತಾರೆ?”

“ಹಾಳೆ ಉಳಿದಿದ್ರೆ ಹಾಳೆ.”

ಮೊದಲ ಬಹುಮಾನ ಸಿಇಟಿ ರ‍್ಯಾಂಕಿಗೆ ಹೋಯಿತು. ಹುಡುಗಿಗೆ ಸಮಾಧಾನಕರ ಬಹುಮಾನವಾಗಿ ಒಂದು ಸಾಮಾನ್ಯ ಜ್ಞಾನದ ಪುಸ್ತಕ ಸಿಕ್ಕಿತು. ಅವಳು ಅದರ ಮೂಲೆಯನ್ನು ಒಮ್ಮೆ ಮೂಸಿ ನೋಡಿದ್ದನ್ನು ಕಂಡವನು ನಾನೊಬ್ಬನೇ.

ಇನ್ನು ಐದನೆಯದು ಭಾಷಾ ಪಂಗಡ. ಇಲ್ಲಿ ನಮ್ಮ ನಾಡಿಗೆ ನೇರ ಪಾತ್ರವಿದೆ. ಡೊರೇಮಾನ್ ಭಾರತಕ್ಕೆ 2005ರಲ್ಲಿ ಹಂಗಾಮಾ ಚಾನೆಲ್ಲಿನ ಮೂಲಕ ಬಂದ, ಬಂದದ್ದು ಹಿಂದಿ ಮಾತಾಡುತ್ತ. ಬಾಂಗ್ಲಾದೇಶದಲ್ಲಿ ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಒದರತೊಡಗಿದಾಗ ಅಲ್ಲಿನ ಸರ್ಕಾರ 2013ರಲ್ಲಿ ಹಿಂದಿ ಡೊರೇಮಾನ್‌ನ ಪ್ರಸಾರ ನಿಲ್ಲಿಸಿತು. ಪಾಕಿಸ್ತಾನದ ಪಂಜಾಬ್ ವಿಧಾನಸಭೆಯಲ್ಲಿ 2016ರಲ್ಲಿ ಈ ಬೆಕ್ಕನ್ನು ನಿಷೇಧಿಸಿ ಎಂದು ನಿರ್ಣಯ ಮಂಡಿಸಿದರು. ಎರಡೂ ದೇಶಗಳು ಒಂದು ಕಾರ್ಟೂನಿಗೆ ಹೆದರಿದವು ಎಂದು ನಾವು ನಕ್ಕೆವು. ನಗಲು ನಮಗೆ ಹಕ್ಕೂ ಇತ್ತು, ಏಕೆಂದರೆ ನಮ್ಮಲ್ಲಿ ಹೆದರಿಕೆ ಅಷ್ಟು ಸರಳವಾಗಿರಲಿಲ್ಲ. ನಾವು ಹಿಂದಿ ಕಾರ್ಟೂನಿಗೆ ಹೆದರಲಿಲ್ಲ, ಕನ್ನಡದ ಡಬ್ಬಿಂಗಿಗೆ ಹೆದರಿದೆವು.

ಕನ್ನಡವನ್ನು ಉಳಿಸಲೆಂದು ಪರಭಾಷೆಯ ಕಥೆ ಕನ್ನಡದಲ್ಲಿ ಮಾತಾಡಬಾರದು ಎಂಬ ಅಲಿಖಿತ ಕಟ್ಟಳೆ ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ನಡೆಯಿತು. 2009ರಲ್ಲಿ ಚಿಂಟು ಟಿವಿ ಬಂದು ಮಕ್ಕಳ ಕಾರ್ಟೂನುಗಳಿಗೆ ಕನ್ನಡದ ಬಾಯಿ ಕೊಟ್ಟಾಗ ಆಕಾಶವೇನೂ ಕಳಚಿ ಬೀಳಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಹೇಳಿದ್ದು 2015ರಲ್ಲಿ. ಅಷ್ಟರೊಳಗೆ ಒಂದು ಇಡೀ ತಲೆಮಾರು ಡೊರೇಮಾನ್ ಮುಂದೆ ಕೂತು ಹಿಂದಿ ಕಲಿತಿತ್ತು. ಡಬ್ಬಿಂಗ್ ವಿರುದ್ಧ ಮೆರವಣಿಗೆ ಮುಗಿಸಿ ಮನೆಗೆ ಬಂದ ತಾತನಿಗೆ ಸೋಫಾದ ಮೇಲಿನ ಮೊಮ್ಮಗ ಹಿಂದಿಯಲ್ಲಿ ನೀರು ಕೇಳಿದ. ತಾತ ತಂದುಕೊಟ್ಟರು.

ಡೊರೇಮಾನ್ ಜೇಬಿನಲ್ಲಿ ಇದಕ್ಕೂ ಒಂದು ಮದ್ದಿದೆ. ಅದೊಂದು ತಿನ್ನುವ ಜೆಲ್ಲಿ, ಜಪಾನಿನಲ್ಲಿ ಗೆಡ್ಡೆಯಿಂದ ಮಾಡುವ ಕೊನ್ಯಾಕು. ತಿಂದವರಿಗೆ ಜಗತ್ತಿನ ಎಲ್ಲ ಭಾಷೆಯೂ ಬರುತ್ತದೆ. ಅವನಿಗೆ ಒಂದು ತುಂಡು ಜೆಲ್ಲಿಯಿಂದ ಆಗುವ ಕೆಲಸಕ್ಕೆ ನಮಗೆ ಒಂದು ಆಯೋಗ, ವಕೀಲರು, ದಂಡ, ಹತ್ತಾರು ಪುಟದ ಆದೇಶ ಬೇಕಾಯಿತು. ಭಾಷಾ ಪಂಗಡದವರು ಈಗ ಡೊರೇಮಾನ್ ಕನ್ನಡ ರಾಜ್ಯೋತ್ಸವದಲ್ಲಿ ಭಾಗವಹಿಸುವ ಕಂತು ಬೇಕು ಎನ್ನುತ್ತಾರೆ. ಬೆಕ್ಕಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮುಗಿಯುವ ಹೊತ್ತಿಗೆ ನೊಬಿತಾ ನಿದ್ದೆ ಹೋಗಿರುತ್ತಾನೆ. ಅವನು ನಿದ್ದೆಗೆ ಜಾರಲು 0.93 ಸೆಕೆಂಡು ಸಾಕು. ನಮ್ಮ ಸಭೆಗಳಿಗೆ ಇಷ್ಟು ಹೊಂದುವ ಪ್ರತಿಭೆ ಬೇರಿಲ್ಲ.

ಕೊನೆಗೆ ಗೆದ್ದವರು ಯಾರು? ಅಭಿಮಾನಿಗಳೇ ಗೆದ್ದರು ಎಂದು ನನಗೆ ಅನುಮಾನ. 2014ರಲ್ಲಿ ಬಂದ ‘ಸ್ಟ್ಯಾಂಡ್ ಬೈ ಮಿ ಡೊರೇಮಾನ್’ ಚಿತ್ರದಲ್ಲಿ ಸೆವಾಶಿ ಡೊರೇಮಾನ್‌ನ ಒಳಗೆ ಒಂದು ಪ್ರೋಗ್ರಾಂ ಹಾಕಿಬಿಡುತ್ತಾನೆ. ನೊಬಿತಾ ಸುಖಿಯಾಗುವತನಕ ಅವನು ಭವಿಷ್ಯಕ್ಕೆ ವಾಪಸು ಹೋಗುವಂತಿಲ್ಲ. ಸುಖಿಯಾದ ಮೇಲೆ 48 ಗಂಟೆಯೊಳಗೆ ಹೊರಡಲೇಬೇಕು. ಅಂದರೆ ಟಾರ್ಗೆಟ್ ಮುಟ್ಟದಿದ್ದರೆ ರಜೆಯಿಲ್ಲ, ಮುಟ್ಟಿದರೆ ಕೆಲಸವಿಲ್ಲ. ಕಪಾಟಿನಲ್ಲಿ ಬಿದ್ದುಕೊಂಡು ಡೊರಾಯಾಕಿ ತಿನ್ನುತ್ತಿದ್ದ ಮನೆಯ ಬೆಕ್ಕನ್ನು ಗುತ್ತಿಗೆ ನೌಕರ ಮಾಡಿದರು. ಆ ಚಿತ್ರದ ಜಾಹೀರಾತು ದೊಡ್ಡವರನ್ನು ಬನ್ನಿ, ಒಟ್ಟಿಗೆ ಅಳೋಣ ಎಂದು ಕರೆಯಿತು. ಅವರು ಟಿಕೆಟ್ ಕೊಂಡು ಹೋಗಿ ಅತ್ತರು. ಸೋಮವಾರ ಆಫೀಸಿಗೆ ಹೋಗಿ ಅದೇ ಪ್ರೋಗ್ರಾಮನ್ನು ಕೈಕೆಳಗಿನವರಿಗೆ ಹಾಕಿದರು.

ಹಾಗೆಂದು ಫುಜಿಮೊಟೊ ಅಂತ್ಯ ಬರೆಯಲೇ ಇಲ್ಲವೆಂದಲ್ಲ. ಅವರ ಕಥೆ ಬರುತ್ತಿದ್ದದ್ದು ಶಾಲೆಯ ತರಗತಿಗೊಂದರಂತೆ ಇದ್ದ ಪತ್ರಿಕೆಗಳಲ್ಲಿ. ಮಾರ್ಚ್ ಬಂದರೆ ಮಕ್ಕಳು ಮುಂದಿನ ತರಗತಿಗೆ ಹೋಗುತ್ತಿದ್ದರು, ಅವರಿಗೆ ವಿದಾಯ ಹೇಳಬೇಕಿತ್ತು. 1974ರ ಮಾರ್ಚ್ ಸಂಚಿಕೆಯಲ್ಲಿ ಡೊರೇಮಾನ್ ಹೊರಟು ನಿಲ್ಲುತ್ತಾನೆ. ಅವನು ನಿಶ್ಚಿಂತೆಯಿಂದ ಹೋಗಲಿ ಎಂದು ನೊಬಿತಾ ರಾತ್ರಿ ಒಬ್ಬನೇ ಜಿಯಾನ್ ಜೊತೆ ಹೊಡೆದಾಟಕ್ಕೆ ಇಳಿಯುತ್ತಾನೆ. ತಿಂದ ಪೆಟ್ಟಿಗೆ ಲೆಕ್ಕವಿಲ್ಲ, ಹಿಡಿದ ಪಟ್ಟು ಬಿಡುವುದಿಲ್ಲ, ಜಿಯಾನ್ ಬೇಸತ್ತು ಸೋಲೊಪ್ಪುತ್ತಾನೆ. ಇಡೀ ಸರಣಿಯಲ್ಲಿ ಹುಡುಗ ನಿಜಕ್ಕೂ ‘ಪಾಸಾದ’ ಕಂತು ಇದು. ಮುಂದಿನ ಸಂಚಿಕೆಯಲ್ಲೇ ಅವನ ಕೈಗೆ ಇನ್ನೊಂದು ಉಪಕರಣ ಸಿಗುತ್ತದೆ. ಕುಡಿದವನು ಏನು ಹೇಳಿದರೂ ಅದರ ವಿರುದ್ಧವೇ ನಡೆಯುವಂತೆ ಮಾಡುವ ದ್ರವ. ಡೊರೇಮಾನ್ ಇನ್ನೆಂದೂ ಬರುವುದಿಲ್ಲ ಎಂದು ಅವನು ಅಳುತ್ತಾನೆ. ಬೆಕ್ಕು ಬಂದು ನಿಂತಿರುತ್ತದೆ. ಮಾರನೆಯ ತಿಂಗಳಿಂದ ಮತ್ತೆ ಸೊನ್ನೆ.

ಇದು ಕಥೆ ಬಲ್ಲವರ ಕೆಲಸ. ಹುಡುಗನನ್ನು ಒಂದೇ ಒಂದು ರಾತ್ರಿ ಗೆಲ್ಲಿಸಿದರು, ಬೆಳಗಾಗುವಷ್ಟರಲ್ಲಿ ಅವನನ್ನು ಅವನ ಪಾಡಿಗೆ ಬಿಟ್ಟರು. ನೊಬಿತಾ ಎಂದರೆ ಚಿಕ್ಕಂದಿನ ತಾನೇ ಎಂದು ಫುಜಿಮೊಟೊ ಹೇಳಿಕೊಂಡಿದ್ದರು. ಆ ‘ದಡ್ಡ’ 1996ರಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು, ಪೂರ್ಣವಿರಾಮ ಹಾಕದೆ ಹೋದರು. ಅವರು ಬಿಟ್ಟುಹೋದ ಜಾಗದಲ್ಲಿ ನಾವು ಮಾರ್ಕ್ಸ್ ಕಾರ್ಡು ಅಂಟಿಸಲು ಗೋಂದು ಹಿಡಿದು ನಿಂತಿದ್ದೇವೆ. ಮಕ್ಕಳಿಗೆ ಬೇಕಾದ್ದು ಇನ್ನೊಂದು ಕಂತು, ದೊಡ್ಡವರಿಗೆ ಬೇಕಾದ್ದು ಫಲಿತಾಂಶ. ಫಲಿತಾಂಶ ಬಂದಮೇಲೆ ಕಂತು ಇರುವುದಿಲ್ಲ ಎಂಬುದು ಎರಡನೇ ಕ್ಲಾಸಿನವರಿಗೆ ಗೊತ್ತು, ಸಂಘದ ಕಾರ್ಯದರ್ಶಿಗೆ ಗೊತ್ತಿಲ್ಲ.

ಮುಂದಿನ ವರ್ಷವೂ ತೀರ್ಪುಗಾರನಾಗಬೇಕೆಂದು ಕರೆ ಬಂದಿದೆ. ಒಪ್ಪಿದ್ದೇನೆ, ನಿಯಮ ನಾನೇ ಬರೆದುಕೊಟ್ಟಿದ್ದೇನೆ. ಕಂತಿನಲ್ಲಿ ನೊಬಿತಾಗೆ ಕನಿಷ್ಠ ಒಂದು ಸೊನ್ನೆ ಕಡ್ಡಾಯ. ಸಂದೇಶ ಕಂಡುಬಂದರೆ ಹಾಳೆ ತಿರಸ್ಕೃತ. ಬರವಣಿಗೆಗೆ ಪೋಷಕರು ನೆರವಾಗಬಹುದು, ಅಡ್ಡಿಯಿಲ್ಲ, ಆದರೆ ನೆರವಾದವರು ತಮ್ಮ ನಾಲ್ಕನೇ ತರಗತಿಯ ಅಂಕಪಟ್ಟಿಯ ಒಂದು ಪ್ರತಿಯನ್ನು ಲಗತ್ತಿಸತಕ್ಕದ್ದು. ನೋಟಿಸ್ ಬೋರ್ಡಿಗೆ ಈ ನಿಯಮ ಏರಿದ ಮೇಲೆ ಬಂದಿರುವ ಹಾಳೆಗಳಲ್ಲಿ ಕಾಗುಣಿತ ತಪ್ಪು ವಿಪರೀತ, ಇಂಜಿನಿಯರ್ ಒಬ್ಬನೂ ಇಲ್ಲ.